ಗೌತಮಿಯನ್ನು ಕಳಿಸದ ವರ್ಷ

ಮೊನ್ನೆ ಐನಾಪುರಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ನೆರೆಮನೆಯವಳಾಗಿದ್ದ ನಾಗಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಚಿಂಚೋಳಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಡಾಂಬರು ರಸ್ತೆಯ ಅರ್ಧ ಭಾಗದಲ್ಲಿ ಹೆಸರುಕಾಯಿ ಹರವಿದ್ದು ಕಂಡಿತು. ಮಳೆ ಒಂದೆರಡು ದಿನ ಬಿಡುವು ಕೊಟ್ಟರೆ ಸಾಕು, ನಮ್ಮ ಕಡೆಯ ರೈತರು ಹೆಸರನ್ನು ಕಿತ್ತು ತಂದು ರಸ್ತೆಗೆ ಸುರಿಯುತ್ತಾರೆ. ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಬಸ್ಸು ಹಾಯ್ದಾಗಲೂ ಚಟಪಟ ಸಪ್ಪಳವಾಯಿತು. ಅದರ ಬೆನ್ನಿಗೇ ಅರೆ ಒಣಗಿದ ಗಿಡದ, ಹಸಿ ಎರೆಮಣ್ಣಿನ, ಬಿಸಿಲಿಗೆ ಕಾದ ಡಾಂಬರಿನ ವಾಸನೆ ಎಲ್ಲ ಒಟ್ಟಾಗಿ ಕಿಟಕಿಯೊಳಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಗಾಜು ಇನ್ನಷ್ಟು ಸರಿಸಿ ಮುಖ ಹೊರಗೆ ಮಾಡಿದೆ. ಐನಾಪುರದಲ್ಲಿ ನಾನೂ ನನ್ನ ಮಗಳೂ ಇದ್ದು ಬಂದ ಆ ಒಂದು ವರ್ಷದ ವಾಸನೆ ಅದು.

ನಾನು ಸರಕಾರಿ ಆಸ್ಪತ್ರೆಯ ನರ್ಸು. ನನ್ನ ಗಂಡ ಪ್ರಭಾಕರ ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕಲೆಕ್ಟರು. ಮನೆ ಶಹಾಬಾದಿನಲ್ಲಿ. ಇಬ್ಬರದೂ ಪಾಳಿಯ ಕೆಲಸ. ಒಬ್ಬರು ಮನೆಗೆ ಬರುವಾಗ ಇನ್ನೊಬ್ಬರು ಚಪ್ಪಲಿ ಮೆಟ್ಟಿಕೊಳ್ಳುತ್ತಿರುತ್ತೇವೆ. ಗೌತಮಿ ನಮ್ಮ ಒಬ್ಬಳೇ ಮಗಳು. ಅವಳು ಒಂಬತ್ತನೆಯ ತರಗತಿಗೆ ಬಂದ ವರ್ಷ ನಮ್ಮ ಮನೆ ತಲೆಕೆಳಗಾಯಿತು.

ಮೊದಲು ಮಾತು ನಿಂತಿತು. ಕೇಳಿದ್ದಕ್ಕೆ ಹೂಂ ಅನ್ನುವುದೂ ಇಲ್ಲ, ಊಹೂಂ ಅನ್ನುವುದೂ ಇಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲು ಹಿಡಿದು ಮಲಗುವುದು, ಶಾಲೆಗೆಂದು ಹೊರಟು ಶಾಲೆಗೆ ಮುಟ್ಟದೆ ಇರುವುದು. ಮೊಬೈಲು ಕಸಿದುಕೊಂಡ ದಿನ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಎಸೆದಳು. ಬೇಸಿಗೆ ಹತ್ತಿರವಾಗುವಾಗ ಪ್ರಭಾಕರನಿಗೆ ಯಾರೋ ಒಂದು ವಿಡಿಯೋ ತೋರಿಸಿದರು. ಶಹಾಬಾದಿನ ಸುತ್ತ ಫರ್ಸಿಕಲ್ಲು ತೆಗೆದು ಬಿಟ್ಟ ಖಣಿಗಳಿವೆ. ಅವುಗಳಲ್ಲಿ ಹಸಿರು ನೀರು ನಿಂತಿರುತ್ತದೆ, ಆಳ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಅಂಥ ಒಂದು ಖಣಿಯ ನೆತ್ತಿಯಿಂದ ನಮ್ಮ ಹುಡುಗಿ ಸಮವಸ್ತ್ರದಲ್ಲೇ ನೀರಿಗೆ ಹಾರುತ್ತಿದ್ದಳು. ಸುತ್ತ ನಿಂತವರು ಸಿಳ್ಳೆ ಹಾಕುತ್ತಿದ್ದರು. ಅವಳು ಮೇಲೆ ಬರುವ ತನಕದ ಆ ಹೊತ್ತನ್ನು ನನ್ನ ಗಂಡ ಮತ್ತೆ ಮತ್ತೆ ನೋಡಿದ.

ಅದಾದ ಕೆಲವೇ ದಿನಗಳಿಗೆ ಶಾಲೆಯಲ್ಲಿ ಸಹಪಾಠಿಯೊಬ್ಬಳನ್ನು ಹೊಡೆದಳು. ಆ ಹುಡುಗಿಯ ಹಲ್ಲು ಮುರಿಯಿತು. ಹತ್ತನೆಯ ತರಗತಿಗೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಶಾಲೆಯವರು ಮರ್ಯಾದೆಯಿಂದಲೇ ಹೇಳಿದರು. ಯಾಕೆ ಹೊಡೆದೆ ಎಂದು ನಾವು ಕೂಗಾಡಿದೆವು. ಅವಳು ಗೋಡೆ ನೋಡುತ್ತ ನಿಂತಳು.

ಹೈದರಾಬಾದಿನ ಆಚೆ ಒಂದು ಕೇಂದ್ರವಿದೆ, ದಾರಿ ತಪ್ಪಿದ ಮಕ್ಕಳನ್ನು ಇಟ್ಟುಕೊಂಡು ತಿದ್ದಿ ಕಳಿಸುತ್ತಾರೆ ಎಂದು ಪ್ರಭಾಕರನ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು. ಅವರ ನೆಂಟರ ಹುಡುಗ ಅಲ್ಲಿಂದ ಬಂದ ಮೇಲೆ ದೊಡ್ಡವರು ಕಂಡರೆ ಎದ್ದು ನಿಲ್ಲುತ್ತಾನಂತೆ. ಮದುವೆಗೆ ಹೋಗುತ್ತೇವೆ ಎಂದು ಗೌತಮಿಯನ್ನು ನನ್ನ ತಂಗಿಯ ಬಳಿ ಬಿಟ್ಟು ನಾವಿಬ್ಬರೂ ನೋಡಿ ಬರಲು ಹೋದೆವು.

ಜಾಗ ಚೊಕ್ಕಟವಾಗಿತ್ತು. ಎತ್ತರದ ಕಾಂಪೌಂಡು, ಸಾಲಾಗಿ ಬೇವಿನ ಗಿಡ, ಒರೆಸಿದ ನೆಲ. ಕಚೇರಿಯಲ್ಲಿ ಕುಳಿತಿದ್ದ ಮ್ಯಾನೇಜರು ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಬೆಳಿಗ್ಗೆ ಏಳುವುದರಿಂದ ಹಿಡಿದು ಮಲಗುವ ತನಕ ಮಕ್ಕಳು ಏನು ಮಾಡುತ್ತಾರೆ ಎನ್ನುವುದನ್ನೆಲ್ಲ ವಿವರಿಸಿದರು. "ಆರು ತಿಂಗಳಲ್ಲಿ ನಿಮಗೆ ಹೊಸ ಮಗಳು ಸಿಗ್ತಾಳೆ ಮೇಡಂ," ಎಂದರು.

"ನಡುವ ಫೋನಿನಾಗ ಮಾತಾಡಬಹುದೇನ್ರಿ?" ಎಂದು ಕೇಳಿದೆ.

"ಶುರುವಿನಲ್ಲಿ ಬೇಡ. ತಾಯಿ ಧ್ವನಿ ಕೇಳಿದ್ರೆ ಮಕ್ಕಳು ಮೆತ್ತಗಾಗ್ತಾರೆ. ನಾವು ಮಾಡಿದ್ದೆಲ್ಲ ಹಾಳಾಗುತ್ತೆ."

ಆಮೇಲೆ ಗೌತಮಿಯ ವಯಸ್ಸಿನವಳೇ ಒಬ್ಬ ಹುಡುಗಿಯನ್ನು ಕರೆಸಿದರು. ಎರಡು ಜಡೆ, ಇಸ್ತ್ರಿ ಮಾಡಿದ ಬಟ್ಟೆ. ಅವಳು ಕೈಕಟ್ಟಿ ನಿಂತು, "ನಾನು ತಪ್ಪು ದಾರಿಯಲ್ಲಿದ್ದೆ. ಈಗ ನನ್ನ ತಪ್ಪು ನನಗೆ ತಿಳಿದಿದೆ. ನನ್ನ ತಂದೆತಾಯಿಗೆ ಧನ್ಯವಾದ," ಎಂದಳು. ಊಟ ಮಾಡಿದೆಯಾ ಎಂದು ನಾನು ಕೇಳಿದೆ. ಅವಳು ಮೊದಲು ಮ್ಯಾನೇಜರನ್ನು ನೋಡಿದಳು, ಆಮೇಲೆ "ಹೌದು" ಎಂದಳು. ಊರು ಯಾವುದು ಎಂದೆ. ಮತ್ತೆ ಅವರನ್ನು ನೋಡಿಯೇ ಹೇಳಿದಳು. ಆಸ್ಪತ್ರೆಯ ಅಭ್ಯಾಸ, ನನ್ನ ಕಣ್ಣು ಅವಳ ಕೈಗೆ ಹೋಯಿತು. ಹತ್ತೂ ಉಗುರುಗಳನ್ನು ಕೆಂಪಗೆ ಕಾಣುವ ಹಾಗೆ ಕಚ್ಚಿಕೊಂಡಿದ್ದಳು.

ವಾಪಸು ಬರುವಾಗ ರೈಲಿನಲ್ಲಿ ಪ್ರಭಾಕರ, "ಜಾಗಾ ಛಲೋ ಅದ," ಎಂದ.

"ಆ ಹುಡುಗಿ ಉಗುರ ನೋಡಿದ್ರೇನು?"

"ನೀ ಉಗುರ ನೋಡ್ಲಿಕತ್ತಿ. ನಾ ನನ್ನ ಮಗಳು ಖಣ್ಯಾಗ ಜಿಗಿಯೋದು ನೋಡೀನಿ." ಕಿಟಕಿಯ ಕಡೆ ತಿರುಗಿ ಮತ್ತೆ ಹೇಳಿದ, "ಸುಜಾತಾ, ನಂಗ ಆಕಿ ಜೀವಂತ ಬೇಕು. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗ್ಲಿ, ಜಲ್ಮಪೂರ್ತಿ ಮಾತಾಡದಂಗ ಇರ್ಲಿ. ಆದ್ರ ಇರ್ಲಿ."

ಅವನು ಕಟುಕನಲ್ಲ. ಮಗಳ ಮೇಲೆ ನನಗಿಂತ ಅವನ ಜೀವ ಹೆಚ್ಚು. ಹೆದರಿಕೆಯೇ ಅವನನ್ನು ಆ ಕಾಂಪೌಂಡಿನ ತನಕ ಕರೆದುಕೊಂಡು ಹೋಗಿತ್ತು. ನನಗೂ ಹೆದರಿಕೆಯಿತ್ತು. ಆದರೆ ಆ ಹುಡುಗಿ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಅದೇ ಹೊತ್ತಿಗೆ ನನಗೆ ಐನಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ವರ್ಷದ ನಿಯೋಜನೆಯ ಆದೇಶ ಬಂತು. ಬೇರೆ ಸಮಯವಾಗಿದ್ದರೆ ಹೇಗಾದರೂ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಖುಷಿಯಾಯಿತು. ಅಲ್ಲಿ ಕ್ವಾರ್ಟರ್ಸ್ ಇದೆ, ಹೈಸ್ಕೂಲು ಇದೆ, ಖಣಿ ಇಲ್ಲ. "ಆಕಿನ್ನ ನನ್ನ ಸಂಗಾಟ ಕರ್ಕೊಂಡು ಹೋಗ್ತೀನಿ. ದೀಪಾವಳಿ ತನಕ ನೋಡೋಣು. ಆಗಲಿಲ್ಲ ಅಂದ್ರ ನೀವು ಹೇಳ್ದಂಗ," ಎಂದೆ. ಪ್ರಭಾಕರ ಒಪ್ಪಿದ. ಆದರೆ ಕೇಂದ್ರದವರಿಗೆ ಬೇಡ ಎಂದು ಹೇಳಲಿಲ್ಲ, ಒಂದು ಜಾಗ ಇಟ್ಟಿರಲು ಹೇಳಿದ.

ಜೂನ್ ತಿಂಗಳ ಮೊದಲ ಮಳೆಯಲ್ಲಿ ನಾವಿಬ್ಬರು ಐನಾಪುರ ಸೇರಿದೆವು. ಆಸ್ಪತ್ರೆಯ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸು. ಒಂದರಲ್ಲಿ ಸೋರುತ್ತಿತ್ತು, ಇನ್ನೊಂದರಲ್ಲಿ ಇಬ್ಬರೂ ಮಲಗಿದೆವು. ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಆಸ್ಪತ್ರೆಯ ಮುಂದಿನ ಮೆಟ್ಟಿಲ ಮೇಲೆ ಮಾತ್ರ. ಗೌತಮಿ ಮೊದಮೊದಲು ಅಲ್ಲಿ ಹೋಗಿ ಕುಳಿತು ನೋಡಿದಳು. ಬರುವ ಹೋಗುವ ರೋಗಿಗಳೆಲ್ಲ ಅವಳ ತಲೆಯ ಮೇಲಿಂದ ಬಗ್ಗಿ ಏನು ನೋಡುತ್ತಿದ್ದಾಳೆಂದು ಇಣುಕುತ್ತಿದ್ದರು. ಬೇಸತ್ತು ಒಳಗೆ ಬಂದಳು. ಶಾಲೆಗೆ ಹೆಸರು ಹಚ್ಚಿಸಿದ್ದೆ, ಹೋಗಲಿಲ್ಲ. ನಾನು ಬಲವಂತ ಮಾಡಲಿಲ್ಲ. ಅವಳು ನಿದ್ದೆ ಮಾಡಿದಳು. ಬೆಳಿಗ್ಗೆ ನಿದ್ದೆ, ಮಧ್ಯಾಹ್ನ ನಿದ್ದೆ. ಇಷ್ಟು ದಣಿವು ಎಲ್ಲಿಂದ ಬಂತೆಂದು ನನಗೆ ಆಶ್ಚರ್ಯವಾಗುತ್ತಿತ್ತು.

ನಮ್ಮ ಬೆನ್ನಿಗಿದ್ದ ಮನೆ ನಾಗಮ್ಮನದು. ಐವತ್ತು ದಾಟಿದ ಹೆಂಗಸು. ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಹೊಲ ಹೊಲಕ್ಕೆ ಕಳೆ ತೆಗೆಯಲು ಹೋಗುವವಳು. ಬಾಯಿ ಜೋರು. ಊರಿನ ಅರ್ಧ ಜನರ ಜೊತೆ ಜಗಳ, ಉಳಿದರ್ಧದ ಸುದ್ದಿಯೆಲ್ಲ ಬೇಕು. ಬಿ.ಪಿ. ಗುಳಿಗೆ ಇಸಿದುಕೊಳ್ಳಲು ಬಂದವಳು ನೇರ ನಮ್ಮ ಕೋಣೆಗೇ ಬಂದಳು, ಮಲಗಿದ್ದ ಗೌತಮಿಯ ಎದುರು ಚಕ್ಕಳಮಕ್ಕಳ ಹಾಕಿ ಕುಳಿತಳು.

"ಏ ತಂಗಿ, ಸಾಲಿಗಿ ಯಾಕ ಹೋಗಲ್ಲ? ಏನ್ ಮಾಡ್ಕೊಂಡು ಬಂದಿ ಶಹಾಬಾದದಾಗ?"

ನಾನು ಅಡುಗೆ ಮಾಡುತ್ತಿದ್ದವಳು ಗಾಬರಿಯಾಗಿ ತಿರುಗಿದೆ. ಗೌತಮಿ ಎದ್ದು ಕುಳಿತು ಅವಳನ್ನೇ ನೋಡಿ, "ಒಬ್ಬಾಕಿ ಹಲ್ಲ ಮುರದೀನಿ," ಎಂದಳು.

"ಮುಂದಿಂದೋ ಹಿಂದಿಂದೋ?"

"ಮುಂದಿಂದು."

"ಅಯ್ಯ, ಮುಂದಿಂದ್ಯಾಕ ಮುರಿಲಿಕ್ಕಿ ಹೋದಿ! ಎಲ್ಲಾರಿಗಿ ಕಾಣ್ತದ ಅದು."

ಗೌತಮಿ ನಕ್ಕುಬಿಟ್ಟಳು. ನಾನು ಹಿಟ್ಟಿನ ಕೈಯಲ್ಲೇ ನಿಂತಿದ್ದೆ. ಅವಳ ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ. ನಾಗಮ್ಮ ಇದ್ಯಾವುದೂ ಗೊತ್ತಿಲ್ಲದವಳಂತೆ, "ನಾಳಿ ತೊಗರಿ ಹೊಲಕ್ಕ ಬಾ. ಕುಂತು ಕುಂತು ಮೊಣಕಾಲು ಹಿಡ್ಕೋತಾವ," ಎಂದು ಗುಳಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಹೋಗುತ್ತಾಳೆಂದು ನಾನು ನಂಬಿರಲಿಲ್ಲ. ಹೋದಳು. ಸಂಜೆ ಬರುವಾಗ ಅಂಗೈಯಲ್ಲಿ ಬೊಕ್ಕೆ, ಪಾದದ ತುಂಬ ಎರೆಮಣ್ಣು. ಎರಡು ಜೋಳದ ರೊಟ್ಟಿ ತಿನ್ನುತ್ತಿದ್ದವಳು ನಾಲ್ಕು ತಿಂದಳು. ಮರುದಿನ ಮೈಕೈ ನೋವು ಎಂದು ಮಲಗಿದಳು, ಅದರ ಮರುದಿನ ಮತ್ತೆ ಹೋದಳು. ಕಳೆಯ ಕೆಲಸದಲ್ಲಿ ಅವಳೇನೂ ಜಾಣೆಯಲ್ಲ. ಕಳೆಯ ಜೊತೆ ತೊಗರಿಯ ಸಸಿಯನ್ನೂ ಕಿತ್ತು ಬೈಸಿಕೊಂಡಳು. ಆದರೆ ಆ ಹೆಣ್ಣುಮಕ್ಕಳು ಬೈಯುವುದು, ನಗುವುದು, ಹಾಡುವುದು, ಅಳುವುದು ಎಲ್ಲ ಒಂದೇ ಸಾಲಿನಲ್ಲಿ ಬಗ್ಗಿಕೊಂಡೇ ನಡೆಯುತ್ತಿತ್ತು. ಯಾರೂ ಯಾರನ್ನೂ ಮುಖಕ್ಕೆ ಮುಖ ಕೊಟ್ಟು ವಿಚಾರಿಸುವುದಿಲ್ಲ. ಅದು ಅವಳಿಗೆ ಹಿಡಿಸಿತು ಎಂದು ಕಾಣುತ್ತದೆ. ಸಂಜೆ ರೊಟ್ಟಿ ಬಡಿಯುವಾಗ ನನ್ನ ಪಕ್ಕ ಕುಳಿತು ಹೊಲದ ಸುದ್ದಿ ಹೇಳತೊಡಗಿದಳು. ಯಾರ ಅತ್ತೆ ಕೆಟ್ಟವಳು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ನಾಗಮ್ಮ ಟಂಟಂ ಗಾಡಿಯವನಿಗೆ ಏನೆಂದು ಬೈದಳು. ತನ್ನ ವಿಷಯ ಒಂದೂ ಇಲ್ಲ. ನಾನೂ ಕೇಳಲಿಲ್ಲ. ಕೇಳಬಾರದು ಎಂಬ ಜಾಣತನದಿಂದ ಅಲ್ಲ, ಬಾಗಿಲು ಮತ್ತೆ ಮುಚ್ಚಿಬಿಟ್ಟರೆ ಎಂಬ ಭಯದಿಂದ.

ಆ ವರ್ಷದ ಮಳೆಗಾಲ ಅರ್ಧವಾಗುವ ಹೊತ್ತಿಗೆ, ಹೆಸರು ಬಿಡಿಸುವ ಕೆಲಸ ಶುರುವಾಗಿತ್ತು. ಒಂದು ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹೊಲದ ಕೆಲಸ ಇರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಹೆರಿಗೆ, ಚೊಚ್ಚಲು. ನನ್ನ ಫೋನನ್ನು ಹೊರಗೆ ಮೆಟ್ಟಿಲಿಗೆ ಹತ್ತಿದ ಮೇಜಿನ ಮೇಲಿಟ್ಟು ಒಳಗೆ ಹೋಗಿದ್ದೆ. ಕೂಸು ಹುಟ್ಟಿ, ಅತ್ತು, ತಾಯಿಯ ಎದೆ ಸೇರಿದ ಮೇಲೆ ನಾನು ಕೈತೊಳೆದು ಹೊರಗೆ ಬಂದಾಗ ಗೌತಮಿ ಮೆಟ್ಟಿಲ ಮೇಲೂ ಇರಲಿಲ್ಲ, ಕೋಣೆಯಲ್ಲೂ ಇರಲಿಲ್ಲ. ಮಳೆಯಲ್ಲಿ ಚೀಲ ಹೊದ್ದು ನಾಗಮ್ಮ ಬಂದಳು.

"ನಿನ ಮಗಳು ಚಿಂಚೋಳಿ ಬಸ್ಸ ಹತ್ಯಾಳಲ್ಲ ನರ್ಸಬಾಯಿ. ನಾ ಎಲ್ಲಿಗಿ ಹೊಂಟಿ ಅಂದ್ರ ಬರೀ ಕೈ ಮಾಡಿದ್ಳು. ಹೇಳಿಲ್ಲೇನು ನಿನಗ?"

ಫೋನು ತೆಗೆದು ನೋಡಿದರೆ ಕೇಂದ್ರದವರ ನಂಬರಿನಿಂದ ಕರೆ ಬಂದಿತ್ತು. ಯಾರೋ ಅದನ್ನು ತೆಗೆದು ಮಾತಾಡಿದ್ದರು.

ನಾನು ಹೊರಡುವಂತಿರಲಿಲ್ಲ. ಬಾಣಂತಿಗೆ ರಕ್ತಸ್ರಾವ ಸ್ವಲ್ಪ ಹೆಚ್ಚಿತ್ತು, ಡಾಕ್ಟರು ಚಿಂಚೋಳಿಗೆ ಮೀಟಿಂಗಿಗೆ ಹೋಗಿದ್ದರು. ಹತ್ತು ಸಲ ಬಾಣಂತಿಯ ಹೊಟ್ಟೆ ಒತ್ತಿ ನೋಡುವುದು, ಹತ್ತು ಸಲ ಮೆಟ್ಟಿಲಿಗೆ ಬಂದು ಫೋನು ಮಾಡುವುದು. ಪ್ರಭಾಕರ ಎತ್ತಲಿಲ್ಲ. ನಾಗಮ್ಮ ಬಾಗಿಲಲ್ಲೇ ಕುಳಿತಳು. "ಅಳಬ್ಯಾಡ. ಓಡಿ ಹೋಗೋ ಹುಡುಗಿ ಕೈ ಮಾಡ್ತದೇನು?" ಎಂದಳು. ಮಧ್ಯಾಹ್ನ ಇಳಿಯುವಾಗ ಫೋನು ಬಂತು. ಪ್ರಭಾಕರನ ದನಿ ಬೇರೆಯೇ ಆಗಿತ್ತು. "ಇಲ್ಲಿ ಅದಾಳ. ನನ್ನ ಹಂತೇಕ. ಸಂಜಿ ಬಸ್ಸಿಗಿ ಇಬ್ಬರೂ ಬರ್ತೀವಿ," ಎಂದಷ್ಟೇ ಹೇಳಿದ.

ಆಮೇಲೆ ಇಬ್ಬರೂ ಹೇಳಿದ್ದನ್ನು ಕೂಡಿಸಿಕೊಂಡರೆ ನಡೆದದ್ದು ಇಷ್ಟು. ಫೋನು ರಿಂಗಾದಾಗ ಗೌತಮಿ ಎತ್ತಿದಳು. ಅವಳ ದನಿಯೂ ನನ್ನ ದನಿಯೂ ಒಂದೇ. ಆ ಕಡೆಯವನು ನಾನೇ ಎಂದುಕೊಂಡು ಮಾತಾಡಿದ. ನಿಮ್ಮ ಯಜಮಾನರು ಹೇಳಿದ ಹಾಗೆ ನಮ್ಮ ಕೇಂದ್ರದಲ್ಲಿ ಜಾಗ ಇಟ್ಟಿದ್ದೇವೆ, ಈ ವಾರ ಕಲಬುರಗಿ ಕಡೆಗೆ ನಮ್ಮ ಗಾಡಿ ಬರುತ್ತದೆ ಮೇಡಂ, ನಿಮ್ಮ ಮಗಳನ್ನೂ ಅದರಲ್ಲೇ ಕರೆದುಕೊಳ್ಳಬಹುದು, ಬೆಳಗಿನ ಜಾವ ಬಂದರೆ ಒಳ್ಳೆಯದು, ಮಕ್ಕಳು ನಿದ್ದೆಗಣ್ಣಲ್ಲಿರುತ್ತಾರೆ, ಗದ್ದಲವಾಗುವುದಿಲ್ಲ ಎಂದ. ಗೌತಮಿ ನನ್ನ ಹಾಗೆಯೇ ಮಾತಾಡಿದಳು. "ಅಳ್ತಾರೇನ್ರಿ ಮಕ್ಕಳು?" ಎಂದು ಕೇಳಿದಳು. "ಮೊದಲ ವಾರ ಅಳ್ತಾರೆ ಮೇಡಂ, ಆಮೇಲೆ ನಿಲ್ಲಿಸ್ತಾರೆ," ಎಂದು ಅವನು ಹೇಳಿದ. "ಆಯ್ತ್ರಿ, ಹೇಳ್ತೀನಿ," ಎಂದು ಫೋನು ಇಟ್ಟು ಎದ್ದಳು. ಐನಾಪುರದಿಂದ ಚಿಂಚೋಳಿ, ಚಿಂಚೋಳಿಯಿಂದ ಸೇಡಂ, ಸೇಡಮ್ಮಿನಲ್ಲಿ ರೈಲು ಹತ್ತಿ ಚಿತ್ತಾಪುರದ ಮೇಲೆ ಹಾಯ್ದು ವಾಡಿ. ಒಬ್ಬಳೇ ಅಷ್ಟು ದೂರ ಹಿಂದೆ ಹೋದವಳಲ್ಲ.

ಪ್ರಭಾಕರ ಗೇಟಿನಲ್ಲಿ ನಿಂತಿದ್ದ. ರೈಲಿಳಿದ ಜನರ ನಡುವೆ ತಲೆಯೆಲ್ಲ ತೊಯ್ದ ಮಗಳು ಬಂದು ಎದುರು ನಿಂತಾಗ ಅವನ ಬಾಯಿಂದ ಮೊದಲು ಬಂದ ಮಾತು, "ಟಿಕೆಟ್ ತಗೊಂಡಿಯೇನು?" ಅವಳು ತೋರಿಸಿದಳು. ಅವನು ಅದನ್ನು ನೋಡಿ ಹಿಂದಕ್ಕೂ ಕೊಟ್ಟನಂತೆ. ಇವತ್ತಿಗೂ ಆ ಮಾತಿಗೆ ಅವನನ್ನು ನಾವಿಬ್ಬರೂ ಕಾಡುತ್ತೇವೆ.

ಪಕ್ಕಕ್ಕೆ ಸರಿದು ನಿಂತು ಅವಳು ಹೇಳಿದಳು: "ಪಪ್ಪಾ, ನನ್ನ ಕಳಸೋದೇ ಇದ್ರ ಕಳಸು. ನಾ ಎಲ್ಲೀನೂ ಓಡಿ ಹೋಗಂಗಿಲ್ಲ. ಆದ್ರ ಮಲಗಿದ್ದಾಗ ಬ್ಯಾಡ. ಎಚ್ಚರಿದ್ದಾಗ ಹೇಳಿ ಕಳಸು. ಗಾಡಿ ನಾನೇ ಹತ್ತತೀನಿ."

ಆಗ ಇನ್ನೊಂದು ರೈಲು ಬಂತು. ಜನ ಇಳಿದರು, ಗೇಟು ದಾಟಿದರು. "ಯಾರ ಟಿಕೆಟೂ ನೋಡಲಿಲ್ಲ ಸುಜಾತಾ, ಎಲ್ಲಾರೂ ಹಂಗೇ ಹೋದ್ರು," ಎಂದು ಪ್ರಭಾಕರ ನನಗೆ ಹೇಳಿದ. ಎಷ್ಟೋ ವರ್ಷದ ಅವನ ನೌಕರಿಯಲ್ಲಿ ಹಾಗೆ ಆದದ್ದು ಅದೊಂದೇ ಸಲ. ಮಗಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಇಡ್ಲಿ ತಿನ್ನಿಸಿದ. ಜೊತೆಯವರಿಗೆ ಹೇಳಿ, ರಜೆ ಹಾಕಿ, ಬಂದ ಮೊದಲ ರೈಲಿಗೆ ಅವಳ ಜೊತೆ ಹತ್ತಿದ.

ಆ ರೈಲಿನಲ್ಲಿ, ಚಿತ್ತಾಪುರ ದಾಟಿದ ಮೇಲೆ, ಕಿಟಕಿಯಾಚೆ ನೋಡುತ್ತ ಗೌತಮಿ ಹಲ್ಲಿನ ವಿಷಯ ತಾನಾಗಿಯೇ ಹೇಳಿದಳು. ಊಟದ ಡಬ್ಬಿ ಬಿಚ್ಚಿದಾಗ ಆ ಹುಡುಗಿ ದೂರ ಸರಿದು ಕುಳಿತದ್ದು, ಉಳಿದವರನ್ನೂ ಸರಿಯಲು ಹೇಳಿದ್ದು, ಮತ್ತು ಜಾತಿ ಎತ್ತಿ ಆಡಿದ ಒಂದು ಮಾತು. ಒಂದು ದಿನವಲ್ಲ, ವರ್ಷವಿಡೀ. ಆ ಮಾತು ಏನೆಂದು ಪ್ರಭಾಕರ ನನಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ನಮ್ಮ ಓಣಿಯಲ್ಲಿ ಹುಟ್ಟಿ ಶಾಲೆಗೆ ಹೋದವರೆಲ್ಲ ಅದನ್ನು ಒಂದಲ್ಲ ಒಂದು ಸಲ ಕೇಳಿಯೇ ದೊಡ್ಡವರಾದವರು. ಓದಿ, ನೌಕರಿ ಹಿಡಿದು, ಮಗಳನ್ನು ಒಳ್ಳೆಯ ಶಾಲೆಗೆ ಹಾಕಿದರೆ ಅದು ಅವಳ ತನಕ ಬರುವುದಿಲ್ಲ ಎಂದುಕೊಂಡಿದ್ದೆವು. ಅವಳು ಮಾತು ಬಿಟ್ಟದ್ದಕ್ಕೂ ಖಣಿಗೆ ಹಾರಿದ್ದಕ್ಕೂ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆಮೇಲೆ ಒಮ್ಮೆ ಕೇಳಿದಾಗ ಅವಳೇ, "ಖಣಿಗಿ ಯಾಕ ಹೋಗ್ತಿದ್ದೆ ನಂಗೂ ಗೊತ್ತಿಲ್ಲ ಮಮ್ಮಿ. ನೀರಾಗ ಬಿದ್ದಾಗ ಏನೂ ಕೇಳಸಲ್ಲ, ಛಲೋ ಅನಸ್ತಿತ್ತು," ಎಂದಳು.

ಸಂಜೆಯ ಬಸ್ಸಿಗೆ ಇಬ್ಬರೂ ಬಂದರು. ಮಳೆ ಇನ್ನೂ ಬರುತ್ತಿತ್ತು. ಬಾಣಂತಿಯ ರಕ್ತಸ್ರಾವ ನಿಂತಿತ್ತು. ನಾನು ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದೆ. ಮೂವರೂ ಒಟ್ಟಿಗೆ ಕುಳಿತು ಉಂಡೆವು. ನಮ್ಮ ಮನೆಯಲ್ಲಿ ಹಾಗೆ ಒಟ್ಟಿಗೆ ಕುಳಿತು ಉಂಡದ್ದು ಯಾವಾಗಲೋ. ಉಪ್ಪು ಕಡಿಮೆಯಾಗಿದೆ ಎಂದು ಗೌತಮಿ ಅಂದಳು, ಆಗಿತ್ತು.

ಬೆಳಿಗ್ಗೆ ಪ್ರಭಾಕರ ಮೆಟ್ಟಿಲ ಮೇಲೆ ಕುಳಿತು ಕೇಂದ್ರಕ್ಕೆ ಫೋನು ಮಾಡಿದ. ಗೌತಮಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ. ನಾವು ಕಳಿಸುವುದಿಲ್ಲ ಎಂದ. ಆ ಕಡೆಯವರು ಇನ್ನೊಮ್ಮೆ ಯೋಚಿಸಿ, ಇಂಥ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡರೆ ಕಷ್ಟ ಎಂದು ಹೇಳಿರಬೇಕು. "ಇಂಥಾ ಮಕ್ಕಳು ಅಂದ್ರ ಎಂಥಾವ್ರಿ? ಇಲ್ಲೇ ಬಾಜೂಕ ಕುಂತಾಳ, ಆಕಿಗೇ ಕೊಡ್ತೀನಿ, ಮಾತಾಡ್ರಿ," ಎಂದ. ಫೋನು ಕಟ್ಟಾಯಿತು. ಅಲ್ಲಿಗೆ ಹೋಗಿ ಒಳ್ಳೆಯದಾದ ಮಕ್ಕಳೂ ಇರಬಹುದು. ಆ ತಂದೆತಾಯಿಗಳನ್ನು ನಾನು ಜರೆಯಲಾರೆ. ಅವರ ಹೆದರಿಕೆಯನ್ನು ನಾನು ಉಂಡಿದ್ದೇನೆ. ಉಗುರು ಕಚ್ಚಿಕೊಂಡಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೋ, ಚೆನ್ನಾಗಿರಲಿ ಎಂದು ಆಗಾಗ ಅಂದುಕೊಳ್ಳುತ್ತೇನೆ.

ಅಂದಿನಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಗಣೇಶ ಹಬ್ಬದ ಹೊತ್ತಿಗೆ ಅವಳು ಶಾಲೆಗೆ ಹೋಗತೊಡಗಿದಳು. ಮೊದಲ ವಾರದಲ್ಲೇ ಆಟದ ಮಾಸ್ತರರ ಜೊತೆ ವಾದ ಮಾಡಿ ಮೈದಾನದ ಆಚೆ ನಿಂತು ಬಂದಳು. ಒಂದು ಸಂಜೆ ಹೇಳದೆ ಕೇಳದೆ ಗೆಳತಿಯ ಊರಿಗೆ ಹೋಗಿ ಕತ್ತಲಾಗುವಾಗ ಬಂದ ದಿನ ನಾನು ಬಾಯಿಗೆ ಬಂದದ್ದು ಬೈದೆ. ಅವಳೂ ಬೈದಳು. ನಾಗಮ್ಮ ಅಂಗಳದಿಂದಲೇ, "ಇಬ್ಬರದೂ ಖರೆ ಅದ, ಈಗ ರೊಟ್ಟಿ ತಿನ್ರಿ," ಎಂದು ಕೂಗಿದಳು. ಗಣಿತದ ಪುಸ್ತಕ ಎರಡು ಸಲ ಬಾವಿಗೆ ಬೀಳುವುದರಿಂದ ತಪ್ಪಿಸಿಕೊಂಡಿತು.

ಪ್ರಭಾಕರ ವಾರದ ರಜೆಗೆ ತಪ್ಪದೆ ಬರತೊಡಗಿದ. ಬರುವಾಗ ಶಹಾಬಾದಿನಿಂದ ಏನಾದರೂ ತಂದೇ ತರುತ್ತಿದ್ದ, ಬಾಳೆಹಣ್ಣೋ, ಖಾರಾನೋ. ಮೊದಮೊದಲು ಅಪ್ಪ ಮಗಳು ಎದುರು ಬದುರು ಕುಳಿತು ಏನು ಮಾತಾಡುವುದೆಂದು ತಿಳಿಯದೆ ಕೆಮ್ಮುತ್ತಿದ್ದರು. ಆಮೇಲೆ ಅವನು ಅವಳಿಗೆ ಟಿಕೆಟ್ ಇಲ್ಲದೆ ಬರುವವರು ಹೇಳುವ ಸುಳ್ಳುಗಳ ಕತೆ ಹೇಳತೊಡಗಿದ. ಅವಳು ಅವುಗಳಲ್ಲಿ ಯಾವುದು ಚೆನ್ನಾದ ಸುಳ್ಳು, ಯಾವುದು ಕಳಪೆ ಎಂದು ತೀರ್ಪು ಕೊಡುತ್ತಿದ್ದಳು. ದೀಪಾವಳಿ ಬಂತು, ಹೋಯಿತು. ನಮ್ಮ ಅಂಗಳದಲ್ಲಿ ಗೌತಮಿಯೂ ನಾಗಮ್ಮನ ಸೊಸೆಯೂ ಪಟಾಕಿ ಹಚ್ಚಿದರು. ನಾನು ಕೇಳಿಕೊಂಡಿದ್ದ ಗಡುವಿನ ವಿಷಯ ಮೂವರಲ್ಲಿ ಯಾರೂ ಎತ್ತಲಿಲ್ಲ.

ಚಳಿಗಾಲದಲ್ಲಿ ತೊಗರಿ ಆಳೆತ್ತರ ಬೆಳೆದು ಹಳದಿ ಹೂವು ಬಿಟ್ಟಿತು. ಹಸಿಕಾಯಿ ಬಂದ ಮೇಲೆ ಹೊಲದಿಂದ ಉಡಿ ತುಂಬ ತಂದು ಉಪ್ಪು ಹಾಕಿ ಕುದಿಸಿ ತಿನ್ನುವುದೇ ನಮ್ಮ ಸಂಜೆಯ ಕೆಲಸ. ಸುಲಿದ ಸಿಪ್ಪೆಯ ನಡುವೆ ಗೌತಮಿ ಪುಸ್ತಕ ಬಿಚ್ಚಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ನಾಗಮ್ಮನಿಗೆ ಇತಿಹಾಸದ ಪಾಠ ಬಹಳ ಇಷ್ಟವಾಗಿತ್ತು. ರಾಜರ ಮಕ್ಕಳು ಅಪ್ಪನನ್ನೇ ಸೆರೆಯಲ್ಲಿಡುವ ಕತೆ ಬಂದರೆ, "ನೋಡು, ಇವರಕಿಂತ ನಿನ ಮಗಳು ಪಾಡ," ಎಂದು ನನಗೆ ಸಮಾಧಾನ ಹೇಳುತ್ತಿದ್ದಳು. ತೊಗರಿ ಕಟಾವಾಗಿ ಹೊಲವೆಲ್ಲ ಬೋಳಾಗುವ ಹೊತ್ತಿಗೆ ನನ್ನ ಒಳಗಿನ ಭಯ ಯಾವಾಗ ಇಳಿಯಿತೋ ತಿಳಿಯಲೇ ಇಲ್ಲ. ಒಂದು ಬೆಳಿಗ್ಗೆ ಅವಳು ಶಾಲೆಗೆ ಹೋದ ಮೇಲೆ ದಾರಿ ನೋಡುತ್ತ ನಿಲ್ಲುವುದನ್ನು ಮರೆತು ನಾನು ನನ್ನ ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ ಅದು ನೆನಪಾಯಿತು.

ಪರೀಕ್ಷೆ ಬರೆದಳು. ಫಲಿತಾಂಶ ಬಂದ ದಿನ ಪ್ರಭಾಕರ ವಾಡಿಯಿಂದ ಫೋನು ಮಾಡಿ ಅತ್ತ. ಎರಡನೆಯ ದರ್ಜೆ. ಗಣಿತದಲ್ಲಿ ಅಂತೂ ದಡ ಮುಟ್ಟಿದ್ದಳು. ನಾಗಮ್ಮ ಊರಿಗೆಲ್ಲ ಸಕ್ಕರೆ ಹಂಚಿ, ತಾನೇ ಪಾಸಾದವಳಂತೆ ಮೂರು ದಿನ ಓಡಾಡಿದಳು.

ನನ್ನ ನಿಯೋಜನೆ ಮುಗಿಯಿತು. ಜೂನಿನಲ್ಲಿ, ಮತ್ತೆ ಮಳೆ ಹಿಡಿಯುವ ಮೊದಲು, ಗಂಟುಮೂಟೆಯೊಡನೆ ಬಸ್ಸು ಹತ್ತಿದೆವು. ನಾಗಮ್ಮ ಅಳಲಿಲ್ಲ. ಒಂದು ಚೀಲ ತೊಗರಿಬೇಳೆಯನ್ನು ಕಿಟಕಿಯಿಂದ ನಮ್ಮ ಮಡಿಲಿಗೆ ನೂಕಿ, "ಹೋಗ್ರಿ ಹೋಗ್ರಿ," ಎಂದು ತಿರುಗಿ ನಡೆದಳು. ಬಸ್ಸು ಊರು ದಾಟಿದ ಕೂಡಲೇ ಗೌತಮಿ ಹೇಳಿದಳು, "ಮಮ್ಮಿ, ನಾ ಸೈನ್ಸ್ ತಗೊಳಂಗಿಲ್ಲ. ಆರ್ಟ್ಸ್ ಓದ್ತೀನಿ. ಆಮ್ಯಾಲ ಲಾ ಮಾಡ್ತೀನಿ."

"ಲಾ? ಕೋರ್ಟಿನಾಗ ಕಪ್ಪು ಕೋಟ ಹಾಕ್ಕೊಂಡು ಗಿಡದ ಕೆಳಗ ನಿಂದ್ರಾಕೇನು? ಸುಮ್ನ ಸೈನ್ಸ್ ತಗೋ. ನರ್ಸಿಂಗ್ ಆದ್ರೂ ಆಗ್ತದ."

"ನಿಂಗ ನರ್ಸಿಂಗ್ ಆಗೇದಲ್ಲ, ಒಂದ್ ಮನ್ಯಾಗ ಒಬ್ಬರು ಸಾಕು. ಗಣಿತ ನಂಗ ಬರಂಗಿಲ್ಲ, ನೀ ನನ್ನ ಜಾಗಾದಾಗ ಕುಂತು ಬರೀತಿಯೇನು?"

ನಾನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ. ದನಿ ಏರಿತು. ಮುಂದಿನ ಸೀಟಿನ ಮುದುಕರೊಬ್ಬರು ಪೂರ್ತಿ ತಿರುಗಿ ಕುಳಿತು, "ತಂಗಿ, ನಿಮ್ಮವ್ವ ಹೇಳೋದು ಖರೆ ಅದ. ಸರಕಾರಿ ನೌಕರಿ ನೌಕರಿನೇ," ಎಂದರು. ಹಿಂದಿನಿಂದ ಒಬ್ಬ ಹೆಣ್ಣುಮಗಳು, "ನೀವು ಸುಮ್ಮಕಿರ್ರಿ ಕಾಕಾ. ಈ ಬಾಯಿಗಿ ವಕೀಲಿನೇ ಸರಿ," ಎಂದಳು. ಅಷ್ಟರಲ್ಲಿ ಅರ್ಧ ಬಸ್ಸು ನನ್ನ ಕಡೆ, ಅರ್ಧ ಬಸ್ಸು ಅವಳ ಕಡೆ ಆಗಿತ್ತು. ಕಂಡಕ್ಟರು ಕಂಬಕ್ಕೆ ಒರಗಿ ನಿಂತು, "ಅಕ್ಕೋರೇ, ಒಬ್ಬರಾದ ಮ್ಯಾಲ ಒಬ್ಬರು ಮಾತಾಡ್ರಿ. ನಮಗೂ ಜರಾ ತಿಳೀಲಿ," ಎಂದ.

ಗೌತಮಿ ನಗುತ್ತಿದ್ದಳು, ಆದರೆ ಸೋಲುತ್ತಿರಲಿಲ್ಲ. ಚಿಂಚೋಳಿ ಸ್ಟ್ಯಾಂಡಿನಲ್ಲಿ ಇಳಿಯುವಾಗಲೂ ನಮ್ಮ ಜಗಳ ಅರ್ಧಕ್ಕೇ ಇತ್ತು. ಸೇಡಂ ಬಸ್ಸಿನಲ್ಲಿ ಜಾಗ ಹಿಡಿದು, ಬೇಳೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಮುಂದುವರಿಸಿದೆವು.